ಅತ್ತೆಗೆ ಮೀಸೆ ಬಂದರೆ

ಅತ್ತೆಗೆ ಮೀಸೆ ಬಂದರೆ ಮಾವ ಅನ್ನಬಹುದಿತ್ತು ಎಂಬ ಮಾತನ್ನು ನಾವೆಲ್ಲ ಒಂದಲ್ಲ ಒಂದು ಸಲ ಆಡಿಯೇ ಇರುತ್ತೇವೆ. ಆಗದ ಹೋಗದ ಮಾತು ಆಡುವವರ ಬಾಯಿ ಮುಚ್ಚಿಸಲು ಅದೊಂದು ಒಳ್ಳೆಯ ಅಸ್ತ್ರ. ಆದರೆ ನಮ್ಮ ಅತ್ತೆಯವರಿಗೆ ನಿಜವಾಗಿಯೂ ಮೀಸೆ ಬಂದಿತ್ತು. ಎಪ್ಪತ್ತು ದಾಟಿದ ಮೇಲೆ ಅವರ ಮೇಲ್ದುಟಿಯ ಮೇಲೆ ಸಣ್ಣಗೆ ಕಪ್ಪು ಗೆರೆ ಮೂಡಿತು, ಗದ್ದದ ಮೇಲೆ ನಾಲ್ಕಾರು ಬಿರುಸು ಕೂದಲು ಕಾಣಿಸಿಕೊಂಡವು. ತಲೆಗೆ ಎರೆದುಕೊಂಡ ದಿನ ಹಿತ್ತಲ ಕಟ್ಟೆಯ ಮೇಲೆ ಕುಳಿತು, "ನನಗ ಕಣ್ಣು ಕಾಣಂಗಿಲ್ಲ, ನೀನರ ಕಿತ್ತವಾ" ಎಂದು ಚಿಮಟವನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಕೀಳುತ್ತಿದ್ದೆ. ಅವರು ತೀರಿಕೊಳ್ಳುವವರೆಗೂ ಸೊಸೆಯರಿಗೆ ಅತ್ತೆ, ಮೊಮ್ಮಕ್ಕಳಿಗೆ ಅಜ್ಜಿ, ಓಣಿಯವರಿಗೆ ಗೌಡಸಾನಿಯಾಗಿಯೇ ಇದ್ದರು. ಯಾರೂ ಅವರನ್ನು ಮಾವ ಎನ್ನಲಿಲ್ಲ.

ಈಗ ಆ ಚಿಮಟ ನನ್ನ ಕೈಯಲ್ಲಿ ನನಗಾಗಿಯೇ ಇದೆ. ನನಗೀಗ ಐವತ್ತಾರು. ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಹೆಣ್ಣಿನ ಮೈಯಲ್ಲೂ ಗಂಡಿನ ಹಾರ್ಮೋನು ಸ್ವಲ್ಪ ಇದ್ದೇ ಇರುತ್ತದೆ. ಅಂಡಾಶಯವೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಅದನ್ನು ತಯಾರಿಸುತ್ತವೆ. ವಯಸ್ಸಾದಂತೆ ಈಸ್ಟ್ರೊಜನ್ ಬಹಳ ಇಳಿದುಹೋಗುತ್ತದೆ, ಇದು ಅಷ್ಟು ಇಳಿಯುವುದಿಲ್ಲ. ಹಾಗಾಗಿ ಗದ್ದದ ಮೇಲೆ ಒಂದೆರಡು ಕೂದಲು ತಲೆ ಎತ್ತುತ್ತವೆ. ಶಾಲೆಗೆ ಹೊರಡುವ ಮುನ್ನ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಕಿತ್ತುಕೊಳ್ಳುತ್ತೇನೆ. ಗೆಳತಿಯರೇ, ನಿಮ್ಮಲ್ಲೂ ಕೆಲವರು ಹೀಗೆ ಮಾಡುತ್ತಿರಬಹುದು. ಯಾರೂ ಯಾರಿಗೂ ಹೇಳುವುದಿಲ್ಲ, ಅಷ್ಟೆ.

ಈ ಸಣ್ಣ ಗುಟ್ಟನ್ನು ನಾನು ಹೀಗೆ ಬಯಲು ಮಾಡುವುದಕ್ಕೆ ಕಾರಣ ಕಳೆದ ವರ್ಷ ಬಸ್ಸಿನಲ್ಲಿ ಸಿಕ್ಕ ಒಬ್ಬ ಹಳೆಯ ವಿದ್ಯಾರ್ಥಿನಿ.

ಲಿಂಗಸುಗೂರಿನಲ್ಲಿ ಬೀಗರ ಮನೆಯ ಮದುವೆ ಮುಗಿಸಿಕೊಂಡು ಸಿಂಧನೂರಿಗೆ ಹಿಂತಿರುಗುತ್ತಿದ್ದೆ. ಬಸ್ಸು ತುಂಬಿತ್ತು. ಆದರೂ ಎರಡು ಸೀಟಿನ ಒಂದು ಕಡೆ ಮಾತ್ರ ಖಾಲಿ ಇತ್ತು. ಕಿಟಕಿಯ ಪಕ್ಕ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗಿನ ಕೆಳಗೆಲ್ಲ ಮುಚ್ಚಿಕೊಂಡಿದ್ದಳು. ಅಕ್ಕಪಕ್ಕದವರು ನಿಂತಿದ್ದರೇ ಹೊರತು ಅಲ್ಲಿ ಕೂಡುತ್ತಿರಲಿಲ್ಲ. ನನಗೆ ಮೊಣಕಾಲು ನೋವು. ಕುಳಿತೆ. ಬಸ್ಸು ಊರು ದಾಟಿದ ಮೇಲೆ ಆಕೆ ಮೆಲ್ಲಗೆ, "ಅಕ್ಕೋರೆ, ನನ್ನ ಗುರ್ತು ಸಿಗಲಿಲ್ಲೇನ್ರಿ? ನಿಮ್ಮ ಕೈಯಾಗ ಕಲ್ತಾಕಿ ನಾನು" ಎಂದಳು. ದನಿ ದಪ್ಪನಾಗಿತ್ತು. ಕಣ್ಣು ನೋಡಿದೆ. ಕಣ್ಣು ಬದಲಾಗಿರಲಿಲ್ಲ.

ಆಕೆಯ ಹೆಸರು ಇಲ್ಲಿ ಬೇಡ. 2004ರಲ್ಲಿ ನಾನು ಮಸ್ಕಿಯಲ್ಲಿ ಕೆಲಸ ಮಾಡುತ್ತಿದ್ದೆ. ಮಸ್ಕಿ ಆಗಿನ್ನೂ ಲಿಂಗಸುಗೂರು ತಾಲೂಕಿಗೇ ಸೇರಿತ್ತು. ಹತ್ತನೆಯ ತರಗತಿಯಲ್ಲಿ ಒಬ್ಬ ತೆಳ್ಳನೆಯ ಹುಡುಗನಿದ್ದ. ಅಕ್ಷರ ಮುತ್ತಿನಂತಿತ್ತು. ನಡಿಗೆ, ಮಾತು, ಕೈ ತಿರುಗಿಸುವ ರೀತಿ ಎಲ್ಲವೂ ಹುಡುಗಿಯಂತೆ. ಉಳಿದ ಹುಡುಗರು ಏನೆಂದು ಕರೆಯುತ್ತಿದ್ದರೆಂಬುದನ್ನು ಬರೆಯಬೇಕಾಗಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಖಾಲಿ ಕೋಣೆಯಲ್ಲಿ ಕುಳಿತು ಅಳುತ್ತಿದ್ದ. ನಾನು ತಲೆಯ ಮೇಲೆ ಕೈಯಿಟ್ಟು, "ಅಳಬ್ಯಾಡಪಾ, ಇನ್ನೊಂದು ವರ್ಷ. ಮೀಸಿ ಬಂತಂದ್ರ ಎಲ್ಲಾ ಸರಿ ಹೋಗ್ತದ" ಎಂದೆ. ಅಳು ನಿಂತಿತು. ನನ್ನ ಸಮಾಧಾನ ಫಲಿಸಿತೆಂದು ಸ್ಟಾಫ್ ರೂಮಿಗೆ ಹೋಗಿ ಊಟದ ಡಬ್ಬಿ ಬಿಚ್ಚಿದೆ.

ಬಸ್ಸಿನಲ್ಲಿ ಆಕೆ ಆ ಮಾತನ್ನೇ ಎತ್ತಿದಳು. ಸಿಟ್ಟಿನಿಂದಲ್ಲ, ಹಳೆಯ ಪಾಠ ಒಪ್ಪಿಸುವವರ ಹಾಗೆ. "ನೀವು ಅಂದ ಮಾತು ಮರ್ತಿಲ್ರಿ ಅಕ್ಕೋರೆ. ಅವತ್ತ ರಾತ್ರಿ ಎಲ್ಲಾರೂ ಮಕ್ಕೊಂಡ ಮ್ಯಾಲ ತುಟಿ ಮ್ಯಾಲ ಅರಿಷಿಣ ಹಚ್ಚಿ ಹಚ್ಚಿ ತಿಕ್ಕೀನ್ರಿ, ಬರಬ್ಯಾಡ ಅಂತ. ಚರ್ಮ ಸುಲದು ಹೋಗಿತ್ತು. ಮರುದಿನ ನೀವ ಕೇಳಿದ್ರಿ, ಏನಾತು ಅಂತ. ಬಿದ್ದೀನ್ರಿ ಅಂದೆ."

ಕೇಳಿದ್ದು ನನಗೆ ನೆನಪಿಲ್ಲ. ಆಕೆಗೆ ನೆನಪಿದೆ.

ನಾನು ಔಷಧಿ ಎಂದು ಕೊಟ್ಟದ್ದು ಆ ಮಗುವಿನ ಪಾಲಿಗೆ ರೋಗದ ಹೆಸರೇ ಆಗಿತ್ತು. ಮೀಸೆ ಬಂತು, ಗಡ್ಡವೂ ಬಂತು. ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರು ಸೇರಿದಳು. ಅಲ್ಲಿ ತನ್ನಂಥವರ ಜೊತೆಗಿದ್ದು, ಈಗ ಒಂದು ಗಾರ್ಮೆಂಟಿನಲ್ಲಿ ಕೆಲಸ ಮಾಡುತ್ತಾಳೆ. ಮಸ್ಕಿಯಲ್ಲಿ ತಾಯಿ ಒಬ್ಬರೇ ಇದ್ದಾರೆ. ತಿಂಗಳಿಗೊಮ್ಮೆ ದುಡ್ಡು ಕಳಿಸುತ್ತಾಳೆ. ಮನೆಗೆ ಮಾತ್ರ ಹೋಗುವಂತಿಲ್ಲ. ತಾಯಿ ಫೋನಿನಲ್ಲಿ ಹೇಳಿದ್ದು ಇಷ್ಟು: "ಪೂರ್ತಿ ಹೆಣ್ಣಾಗಿ ಬಾ, ಇಲ್ಲಾಂದ್ರ ಮೊದಲಿನಂಗ ಗಂಡಾಗಿ ಬಾ. ಗಡ್ಡ ಇಟಗೊಂಡು ಸೀರಿ ಉಟಗೊಂಡು ನಡುವ ಬರಬ್ಯಾಡ. ಮಂದಿ ಏನಂತಾರ?"

ಪೂರ್ತಿ ಹೆಣ್ಣಾಗಬೇಕಾದರೆ ಗಡ್ಡ ಹೋಗಬೇಕು. ಯಾರೋ ಹೇಳಿದರೆಂದು ಆಕೆ ಔಷಧಿ ಅಂಗಡಿಯಲ್ಲಿ ಬಸಿರು ನಿಲ್ಲಿಸುವ ಮಾತ್ರೆ ಕೊಂಡು ನುಂಗತೊಡಗಿದಳು. ಆರು ತಿಂಗಳಾದರೂ ಗಡ್ಡ ಹೋಗಲಿಲ್ಲ. ಎರಡು ಪಟ್ಟು ನುಂಗಿದಳು, ಮೂರು ಪಟ್ಟು ನುಂಗಿದಳು. ಒಂದು ದಿನ ಎಡಗಾಲು ಕಂಬದಂತೆ ಊದಿಕೊಂಡಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಗಡ್ಡೆ ಕಳಚಿಕೊಂಡು ಪುಪ್ಪುಸಕ್ಕೆ ಏರಿದರೆ ಜೀವವೇ ಹೋಗಬಹುದು. ಸಮಯಕ್ಕೆ ಆಸ್ಪತ್ರೆ ಸೇರಿದ್ದರಿಂದ ಉಳಿದಳು. ಅಲ್ಲಿಯ ವೈದ್ಯೆ ಕುಳ್ಳಿರಿಸಿಕೊಂಡು ಎಲ್ಲವನ್ನೂ ತಿಳಿಸಿ ಹೇಳಿದರಂತೆ. ಆಕೆ ಹೇಳಿದ್ದನ್ನು ಆಮೇಲೆ ನಾನೂ ಓದಿ ತಿಳಿದುಕೊಂಡೆ. ನಮ್ಮಂಥ ತಾಯಂದಿರಿಗೆ, ಶಿಕ್ಷಕಿಯರಿಗೆ ಇದು ಗೊತ್ತಿರಬೇಕೆಂದು ಇಲ್ಲಿ ಬರೆಯುತ್ತೇನೆ.

ಮಕ್ಕಳ ಮುಖದ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ನವಿರಾದ ರೋಮವಿರುತ್ತದೆ. ಹರೆಯದಲ್ಲಿ ಗಂಡಿನ ಮೈಯಲ್ಲಿ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ಏರುತ್ತದೆ. ಅದು ಚರ್ಮದಲ್ಲಿ ಇನ್ನಷ್ಟು ಬಲವಾದ ರೂಪಕ್ಕೆ ತಿರುಗಿ, ಆ ನವಿರು ರೋಮದ ಬೇರನ್ನು ಬಲಿಸುತ್ತದೆ. ಬೇರು ಬಲಿತ ಮೇಲೆ ಹುಟ್ಟುವ ಕೂದಲು ದಪ್ಪ, ಕಪ್ಪು, ಒರಟು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸುವವರಿಗೆ ವೈದ್ಯರು ಈಸ್ಟ್ರೊಜನ್ ಕೊಡುತ್ತಾರೆ. ಜೊತೆಗೆ ಗಂಡಿನ ಹಾರ್ಮೋನನ್ನು ತಡೆಯಲು ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್‌ನಂಥ ಮಾತ್ರೆ ಕೊಡುವುದುಂಟು. ಇವುಗಳಿಂದ ಚರ್ಮ ಮೃದುವಾಗುತ್ತದೆ, ಎದೆ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಳ್ಳುತ್ತದೆ, ಕೈಕಾಲಿನ ಕೂದಲು ತೆಳುವಾಗುತ್ತದೆ. ಆದರೆ ಗಡ್ಡ ಮಾತ್ರ ಹಟಮಾರಿ. ಬೆಳೆಯುವ ವೇಗ ತುಸು ಕಡಿಮೆಯಾಗಬಹುದು, ತುಸು ಸಣ್ಣದಾಗಬಹುದು, ಮಾಯವಾಗುವುದಿಲ್ಲ. ಒಡೆದ ದನಿಯೂ ಹಾಗೆಯೇ, ಈಸ್ಟ್ರೊಜನ್‌ನಿಂದ ಮತ್ತೆ ಎಳೆಯದಾಗುವುದಿಲ್ಲ.

ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕಬಯಸುವವರದು ಇದಕ್ಕೆ ತಿರುವುಮುರುವು. ಅವರಿಗೆ ಟೆಸ್ಟೊಸ್ಟೆರೋನ್ ಕೊಟ್ಟರೆ ಕೆಲವು ತಿಂಗಳಲ್ಲೇ ಮೀಸೆ ಚಿಗುರುತ್ತದೆ, ನಾಲ್ಕೈದು ವರ್ಷದಲ್ಲಿ ಪೂರ್ತಿ ಗಡ್ಡ ಬರಬಹುದು. ಔಷಧಿ ನಿಲ್ಲಿಸಿದರೂ ಅದು ಬಹುಮಟ್ಟಿಗೆ ಉಳಿದುಬಿಡುತ್ತದೆ. ಅಂದರೆ ಗಡ್ಡಕ್ಕೆ ಬರುವ ದಾರಿ ಗೊತ್ತು, ಹೋಗುವ ದಾರಿ ಗೊತ್ತಿಲ್ಲ.

ಹೋಗಬೇಕೆಂದರೆ ಬೇರನ್ನೇ ಸುಡಬೇಕು. ಲೇಸರಿನ ಬೆಳಕು ಕೂದಲಿನ ಕಪ್ಪು ಬಣ್ಣವನ್ನು ಹುಡುಕಿಕೊಂಡು ಹೋಗಿ ಬೇರನ್ನು ಕಾಯಿಸುತ್ತದೆ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಅದು ತಾಗುವುದರಿಂದ ಕೆಲವು ವಾರಗಳಿಗೊಮ್ಮೆ ಹಲವು ಸಲ ಹೋಗಬೇಕು. ನಮ್ಮಂಥ ಕಪ್ಪು ಚರ್ಮದವರಿಗೆ ತಕ್ಕ ಯಂತ್ರ, ತಿಳಿದ ಕೈ ಇಲ್ಲದಿದ್ದರೆ ಚರ್ಮವೇ ಸುಟ್ಟು ಕಲೆ ಬೀಳುತ್ತದೆ. ಬೆಳ್ಳಗಾದ ಕೂದಲಿಗೆ ಲೇಸರು ನಡೆಯುವುದಿಲ್ಲ. ಅದಕ್ಕೆ ಎಲೆಕ್ಟ್ರಾಲಿಸಿಸ್ ಇದೆ. ಒಂದೊಂದೇ ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹರಿಸುವುದು. ಇಡೀ ಮುಖಕ್ಕೆ ಎಷ್ಟು ತಾಸು, ಎಷ್ಟು ನೋವು, ಎಷ್ಟು ದುಡ್ಡು ಎಂದು ನೀವೇ ಎಣಿಸಿ. ಗಾರ್ಮೆಂಟಿನ ಸಂಬಳದಲ್ಲಿ ಆಕೆ ದುಡ್ಡು ಕೂಡಿಟ್ಟು, ಆಗಾಗ ಒಂದು ಸಲದ ಲೇಸರಿಗೆ ಹೋಗಿ ಬರುತ್ತಿದ್ದಾಳೆ. ಉಳಿದ ದಿನ ಬ್ಲೇಡು, ಮೇಲೆ ಪೌಡರು, ಅದರ ಮೇಲೆ ಸೆರಗು. ಈಗ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಬೇರೆ ಬಗೆಯ ಈಸ್ಟ್ರೊಜನ್ನನ್ನು ಅಳತೆ ಮಾಡಿ ಕೊಡುತ್ತಿದ್ದಾರೆ. ಗಡ್ಡ ಮಾತ್ರೆಯ ಲೆಕ್ಕಕ್ಕೆ ಬಗ್ಗುವುದಿಲ್ಲ, ಹೆಚ್ಚು ನುಂಗಿದರೆ ಹೆಚ್ಚು ಬೇಗ ಹೋಗುವುದಿಲ್ಲ ಎಂಬುದು ಆಕೆಗೆ ಜೀವದ ಬೆಲೆ ಕೊಡಹೊರಟು ತಿಳಿಯಿತು.

ಇಲ್ಲಿಂದ ನನ್ನ ಪ್ರಶ್ನೆ ಆರಂಭವಾಗುತ್ತದೆ. ಔಷಧಿಗೆ ಸಾಧ್ಯವಾಗದ ಒಂದು ಕೆಲಸವನ್ನು, ಮುಗಿಸಿಕೊಂಡು ಬಂದರೆ ಮಾತ್ರ ನಿನ್ನನ್ನು ಮಗಳೆನ್ನುತ್ತೇನೆ ಎಂದು ಷರತ್ತು ಹಾಕುವುದು ಯಾವ ನ್ಯಾಯ? ತಾಯಿಯನ್ನು ಬೈಯಲು ನನಗೆ ಬಾಯಿಲ್ಲ. ಆ ಷರತ್ತನ್ನು ಮೊದಲು ಬರೆದವಳು ನಾನೇ. ಮೀಸೆ ಬಂದರೆ ಗಂಡಾಗುತ್ತೀ ಎಂದಿದ್ದೆ. ಮೀಸೆ ಹೋದರೆ ಹೆಣ್ಣಾಗುತ್ತೀ ಎಂದು ಅವರು ಹೇಳುತ್ತಿದ್ದಾರೆ. ಎರಡೂ ಒಂದೇ ಪಾಠದ ಎರಡು ಪುಟ.

ಈ ಪಾಠ ನಮ್ಮ ನಾಡಿಗೆ ಹೊಸದಾಗಿರುವುದೇ ಆಶ್ಚರ್ಯ. ಜೇಡರ ದಾಸಿಮಯ್ಯ ಶತಮಾನಗಳ ಹಿಂದೆಯೇ ಹೆಣ್ಣಿನ ಗುರುತು, ಗಂಡಿನ ಗುರುತು ಎರಡನ್ನೂ ಮುಂದಿಟ್ಟು, ಒಳಗಿರುವ ಆತ್ಮಕ್ಕೆ ಆ ಗುರುತುಗಳಿಲ್ಲ ಎಂದು ವಚನದಲ್ಲಿ ಹೇಳಿಟ್ಟ. ಅದನ್ನು ಎಷ್ಟು ವರ್ಷ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದೇನೆ! ಕೊನೆಯ ಬೆಂಚಿನಲ್ಲಿ ಕುಳಿತ ಆ ಹುಡುಗನಿಗೆ ಅದು ಹೇಗೆ ಕೇಳಿಸುತ್ತಿರಬಹುದು ಎಂದು ಒಂದು ದಿನವೂ ಯೋಚಿಸಲಿಲ್ಲ. ನಮ್ಮ ಕಡೆಯ ಜನ ಹುಣ್ಣಿಮೆಗೆ ಹುಲಿಗಿಗೆ ಹೋಗುತ್ತಾರೆ. ಅಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಸೀರೆಯುಟ್ಟು ಪಡಲಿಗೆ ಹೊತ್ತ ಜೋಗಪ್ಪಗಳ ಮುಖದ ಮೇಲೆ ಕ್ಷೌರದ ಹಸಿರು ನೆರಳನ್ನು ನಾವೆಲ್ಲ ಕಂಡಿದ್ದೇವೆ. ಆದರೂ ಅಮ್ಮಾ ಎಂದು ಕರೆದು ಭಂಡಾರ ಹಚ್ಚಿಸಿಕೊಂಡಿದ್ದೇವೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ತೆಗೆದುಕೊಳ್ಳುವ ಮುನ್ನ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಟಿವಿಯಲ್ಲಿ ನೋಡಿ ನಾನೂ ಚಪ್ಪಾಳೆ ತಟ್ಟಿದ್ದೆ. ದೇವರ ಗುಡಿಯಲ್ಲಿ, ಟಿವಿಯಲ್ಲಿ ಒಪ್ಪಿದ್ದನ್ನು ನಮ್ಮ ಮನೆಯ ಹೊಸ್ತಿಲಲ್ಲಿ ಒಪ್ಪಲಾರೆವು.

ಕಾನೂನು ನಮಗಿಂತ ಮುಂದೆ ಹೋಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬುದನ್ನು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಾ ಎಂದು ಒತ್ತಾಯಿಸುವುದು ತಪ್ಪು ಎಂದಿತು. 2019ರ ಕಾಯ್ದೆಯಲ್ಲಿ ಸರ್ಕಾರ ಭರಿಸಲು ವ್ಯವಸ್ಥೆ ಮಾಡಬೇಕಾದ ವೈದ್ಯಕೀಯ ವೆಚ್ಚಗಳ ಸಾಲಿನಲ್ಲಿ ಹಾರ್ಮೋನು ಚಿಕಿತ್ಸೆಯ ಜೊತೆ ಲೇಸರ್ ಚಿಕಿತ್ಸೆಯ ಹೆಸರೂ ಬಂತು. ಗಡ್ಡದ ಕಷ್ಟ ಸಂಸತ್ತಿನವರೆಗೆ ಮುಟ್ಟಿತ್ತೆಂದು ಅದನ್ನು ಓದಿದಾಗ ತಿಳಿಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ ಶೇಕಡಾ 1ರಷ್ಟು ಮೀಸಲಾತಿ ತಂದಿತು. 2022ರ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಅಂಥ ಮೂವರ ಹೆಸರು ಬಂದಾಗ, ಅವರಲ್ಲಿ ಒಬ್ಬರು ನಮ್ಮ ರಾಯಚೂರು ಜಿಲ್ಲೆಯವರೇ ಎಂದು ಸ್ಟಾಫ್ ರೂಮಿನಲ್ಲಿ ಪೇಪರು ಕೈಯಿಂದ ಕೈಗೆ ಹೋಗಿತ್ತು.

ಅವತ್ತು ಬಸ್ಸಿನಲ್ಲಿ ಕಂಡಕ್ಟರ್ ಬಂದ. 2023ರ ಜೂನ್ 11ರಿಂದ ಹೆಂಗಸರಿಗೂ ಇಂಥವರಿಗೂ ಬಸ್ಸು ಉಚಿತವಾಗಿತ್ತಷ್ಟೆ. ಆಕೆ ಆಧಾರ್ ಕಾರ್ಡು ತೆಗೆಯುವಾಗ ಕೈ ನಡುಗುತ್ತಿತ್ತು. ಆ ಹುಡುಗ ಕಾರ್ಡು ನೋಡಿದ. ಮುಖ ಹುಡುಕಲು ಹೋಗಲಿಲ್ಲ. "ಎಲ್ಲಿಗ್ರೀ ಅಕ್ಕಾ?" ಎಂದು ಕೇಳಿ ಚೀಟಿ ಹರಿದುಕೊಟ್ಟು ಮುಂದೆ ಹೋದ. ಅಕ್ಕಾ ಎನ್ನಲು ಅವನಿಗೆ ಏನೂ ಖರ್ಚಾಗಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನು ಅಷ್ಟು ಹೊತ್ತಾದರೂ ಆಕೆಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ, ಹೆಸರು ಹಿಡಿಯದೆ, ನೀನು ನೀನು ಎಂದೇ ಮಾತಾಡಿಸುತ್ತಿದ್ದೆ.

ಇದನ್ನೆಲ್ಲ ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರೊಂದು ಪ್ರಶ್ನೆ ಕೇಳಿದರು. ಸುಮ್ಮನೆ ಕೇಳಿದ್ದಲ್ಲ, ಯೋಚಿಸಿ ಕೇಳಿದ್ದು. "ಮುಖದ ಕೂದಲಿನಿಂದ ಹೆಣ್ಣು ಗಂಡು ಆಗುವುದಿಲ್ಲ ಅಂತೀರಿ. ಸರಿ. ಹಾಗಾದ್ರ ಆಕಿ ಯಾಕ ಅಷ್ಟು ಕಷ್ಟಪಟ್ಟು ಅದನ್ನ ತೆಗಸ್ಕೋಬೇಕು? ಗಡ್ಡ ಇದ್ರೂ ನಾನು ಹೆಣ್ಣು ಅಂತ ಇರಬಹುದಲ್ರೀ?"

ಬಹಳ ದಿನ ಇದು ತಲೆಯಲ್ಲಿ ಸುತ್ತಿತು. ಉತ್ತರ ನನ್ನ ಕಿಟಕಿಯ ಕನ್ನಡಿಯಲ್ಲೇ ಇತ್ತು. ಗದ್ದದ ಕೂದಲು ಇದ್ದರೂ ನಾನು ಹೆಣ್ಣೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಕೀಳುತ್ತೇನೆ. ಏಕೆಂದರೆ ನನ್ನ ಮನಸ್ಸಿನಲ್ಲಿರುವ ನನ್ನ ಮುಖದಲ್ಲಿ ಆ ಕೂದಲಿಲ್ಲ. ಅದು ನನ್ನ ಆಸೆ, ಯಾರ ಅಪ್ಪಣೆಯೂ ಅಲ್ಲ. ನಾಳೆ ಯಾರಾದರೂ, ನಿನ್ನ ಗದ್ದ ನುಣುಪಾಗಿದ್ದರೆ ಮಾತ್ರ ನಿನಗೆ ಅಮ್ಮ ಎನ್ನುತ್ತೇವೆ ಎಂದರೆ, ಅದೇ ಚಿಮಟ ನನ್ನ ಕೈಯಲ್ಲಿ ಕೋಳದಂತಾಗುತ್ತದೆ. ತನ್ನ ಮುಖ ತನಗೆ ಹೇಗಿರಬೇಕೆಂದು ಬಯಸುವುದು ಬೇರೆ, ಮನುಷ್ಯಳೆಂದು ಒಪ್ಪಿಸಿಕೊಳ್ಳಲು ಮುಖವನ್ನು ಶುಲ್ಕವಾಗಿ ಕಟ್ಟುವುದು ಬೇರೆ. ಮೊದಲನೆಯದಕ್ಕೆ ಆಕೆಗೆ ವೈದ್ಯರು ಬೇಕು, ದುಡ್ಡು ಬೇಕು, ತಾಳ್ಮೆ ಬೇಕು. ಎರಡನೆಯದು ಆಕೆಯಿಂದ ಎರಡು ಪಟ್ಟು, ಮೂರು ಪಟ್ಟು ಮಾತ್ರೆ ನುಂಗಿಸಿತು.

ನಮ್ಮ ಹೆಣ್ಣುಮಕ್ಕಳೂ ಈ ಶುಲ್ಕ ಕಟ್ಟುತ್ತಲೇ ಇದ್ದಾರೆ. ಪ್ರತಿ ವರ್ಷ ಒಂಬತ್ತು, ಹತ್ತನೆಯ ತರಗತಿಯಲ್ಲಿ ಒಬ್ಬಿಬ್ಬರು ಹುಡುಗಿಯರು ಬೇಸಿಗೆಯಲ್ಲೂ ದುಪಟ್ಟಾವನ್ನು ಬಾಯಿಯವರೆಗೆ ಎಳೆದುಕೊಂಡು ಕೂಡುತ್ತಾರೆ. ಪಿಸಿಓಎಸ್ ಎಂಬ ತೊಂದರೆಯಲ್ಲಿ ಗಂಡಿನ ಹಾರ್ಮೋನು ಹೆಚ್ಚಾಗಿ ಮುಟ್ಟು ಏರುಪೇರಾಗುತ್ತದೆ, ಮುಖದಲ್ಲಿ ಕೂದಲು ಬರುತ್ತದೆ. 1961ರಲ್ಲಿ ಫೆರಿಮನ್, ಗಾಲ್ವೆ ಎಂಬಿಬ್ಬರು ವೈದ್ಯರು ಹೆಣ್ಣಿನ ಮೈಯ ಒಂದೊಂದು ಭಾಗದ ಕೂದಲಿಗೂ ಸೊನ್ನೆಯಿಂದ 4ರವರೆಗೆ ಅಂಕ ಹಾಕುವ ಪದ್ಧತಿ ತಂದರು. ವೈದ್ಯರಿಗೆ ಅದು ರೋಗ ಅಳೆಯಲು ಬೇಕು. ನಾವು ಮಾತ್ರ ಯಾವ ಪದವಿಯೂ ಇಲ್ಲದೆ ಮದುವೆ ಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ ಅಂಕ ಹಾಕುತ್ತಲೇ ಇರುತ್ತೇವೆ. ಅಂಕ ಹಾಕುವುದು ನನ್ನ ಕಸುಬು. ಆದ್ದರಿಂದ ಹೇಳುತ್ತೇನೆ, ಎಲ್ಲದಕ್ಕೂ ಅಂಕ ಹಾಕಬಾರದು.

ಮಸ್ಕಿಯ ಅಶೋಕನ ಕಲ್ಲು ನಿಮಗೆ ಗೊತ್ತಿದೆ. 1915ರಲ್ಲಿ ಅದು ಬೆಳಕಿಗೆ ಬರುವವರೆಗೆ ಅವನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಕಾಣುತ್ತಿದ್ದವು. ಅಶೋಕ ಎಂಬ ಹೆಸರು ಅವನದೇ ಶಾಸನದಲ್ಲಿ ಮೊದಲು ಸಿಕ್ಕಿದ್ದು ನಮ್ಮೂರ ಬಂಡೆಯ ಮೇಲೆ. ಮಕ್ಕಳನ್ನು ಕರೆದೊಯ್ದು ಪ್ರತಿ ವರ್ಷ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಹುಡುಗನೂ ಒಂದು ವರ್ಷ ಆ ಗುಂಪಿನಲ್ಲಿದ್ದ. ಕಲ್ಲು ಸಿಗುವ ಮುಂಚೆಯೂ ಅವನು ಅಶೋಕನೇ ಆಗಿದ್ದ, ನಮಗೆ ಓದಲು ಸಿಕ್ಕಿರಲಿಲ್ಲ ಅಷ್ಟೆ. ಇದು ಇತಿಹಾಸದಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಮುಂದೆ ಕುಳಿತ ಮಗುವಿನ ವಿಷಯದಲ್ಲಿ ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಆಗಲೇ ಆ ಹುಡುಗನಿಗೆ ಔಷಧಿ ಕೊಡಿಸಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅದು ತಿಳಿದವರು ಕೂತು ಯೋಚಿಸುವ ಮಾತು. ನಾನು ಮಾಡಬೇಕಾಗಿದ್ದದ್ದು ಅದಕ್ಕಿಂತ ಸಣ್ಣದು. ಯಾಕೆ ಅಳುತ್ತೀ ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂಡಬೇಕಿತ್ತು.

ಬಸ್ಸು ಮಸ್ಕಿಗೆ ಬಂದಾಗ ಆಕೆ ಎದ್ದಳು. ಮನೆಗೆ ಹೋಗುವುದಿಲ್ಲವಂತೆ. ಬಸ್ ನಿಲ್ದಾಣಕ್ಕೆ ತಾಯಿಗೆ ಬೇಕಾದ ಮಾತ್ರೆ, ಒಂದು ಸೀರೆ ತಲುಪಿಸಿ, ಪರಿಚಯದವರ ಕೈಗೆ ಕೊಟ್ಟು, ಮುಂದಿನ ಬಸ್ಸಿಗೆ ಹಿಂತಿರುಗುತ್ತಾಳಂತೆ. ಇಳಿಯುವಾಗ ನನ್ನ ಕಾಲು ಮುಟ್ಟಿದಳು. ನಾನೂ ಇಳಿದು ಆಕೆಯ ಕೈ ಹಿಡಿದು ಮನೆಗೆ ಕರೆದೊಯ್ಯಬಹುದಿತ್ತು. ಮೊಣಕಾಲು ನೋವೆಂದು, ಹೊತ್ತಾಯಿತೆಂದು, ಯಾರಾದರೂ ನೋಡಿಯಾರೆಂದು ಇಳಿಯಲಿಲ್ಲ. ನಿಜ ಹೇಳಬೇಕೆಂದರೆ ಮೂರನೆಯದೇ ಕಾರಣ.

ಎರಡು ತಿಂಗಳ ನಂತರ ಒಂದು ಭಾನುವಾರ ಸಿಂಧನೂರಿನಿಂದ ಬಸ್ಸು ಹತ್ತಿ ಮಸ್ಕಿಗೆ ಹೋದೆ. ತಾಯಿ ಗುರುತು ಹಿಡಿದು ಚಾಪೆ ಹಾಸಿ, ಚಹಾ ಮಾಡಿದರು. ಬಹಳ ಹೊತ್ತು ಬೆಳೆ, ಮಳೆ, ಮೊಣಕಾಲು ಎಂದು ಮಾತಾಡಿದೆವು. ಕೊನೆಗೆ ಅವರೇ ಒಲೆಯ ಕಡೆ ಮುಖ ಮಾಡಿಕೊಂಡು ಕೇಳಿದರು:

"ಅಕ್ಕೋರೆ, ನೀವು ನೋಡೀರಂತಲ್ಲ. ಆಕಿ ಗಡ್ಡ ಹೋಗೇತೇನ್ರಿ?"

"ಇಲ್ಲವ್ವಾ. ಅದು ಔಷಧದಿಂದ ಹೋಗಂಗಿಲ್ಲ. ಬಹಳ ವರ್ಷ ಬೇಕು. ಪೂರ್ತಿ ಹೋಗದೆಯೂ ಇರಬಹುದು" ಎಂದೆ.

ಅವರು ಸುಮ್ಮನಾದರು. ಆಕಿ ಎಂದು ತಾವು ಅಂದದ್ದು ಅವರ ಗಮನಕ್ಕೆ ಬಂದಿತ್ತೋ ಇಲ್ಲವೋ. ನಾನು ನೆನಪಿಸಲಿಲ್ಲ. ನಮ್ಮ ಅತ್ತೆಯವರ ಮೀಸೆಯ ಕಥೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊರಡುವಾಗ ಬಾಗಿಲವರೆಗೆ ಬಂದು, "ಉಗಾದಿಗೆ ಕಾರ್ಖಾನಿ ರಜಾ ಇರತೈತೇನ್ರಿ?" ಎಂದು ಕೇಳಿದರು.

ಇರುತ್ತದೆ ಎಂದು ಹೇಳಿ ಬಂದೆ.